ನಗರದ ಕೋಟೆಗೆ ಬಂದ ದೂರದೇಶದ ಯುದ್ಧ

ಕಳೆದ ವರ್ಷ ಮಳೆಗಾಲ ಮುಗಿದ ಮೇಲೆ ನಾವು ಒಂಬತ್ತನೆಯ ತರಗತಿಯ ಬಾಲಿಕೆಯರನ್ನು ಹೊಸನಗರ ತಾಲ್ಲೂಕಿನ ನಗರದ ಕೋಟೆಗೆ ಕರೆದುಕೊಂಡು ಹೋಗಿದ್ದೆವು. ಕೋಣಂದೂರಿನವರಾದ ನಮಗೆ ಅದು ಬಹು ದೂರದ ಸ್ಥಳವಲ್ಲ. ಆದರೂ ಹಲವರು ಅದನ್ನು ಅಂದೇ ಮೊದಲ ಬಾರಿ ಕಂಡರು. ಬುತ್ತಿ ಬಿಚ್ಚಿ ಕುಳಿತಿದ್ದಾಗ ಅವರಲ್ಲೊಬ್ಬಳು, “ಇಂಗ್ಲಿಷರೂ ಫ್ರೆಂಚರೂ ತಮ್ಮ ದೇಶದಲ್ಲಿ ಜಗಳವಾಡುವುದನ್ನು ಬಿಟ್ಟು ನಮ್ಮ ಈ ಕಾಡಿಗೆ ಏಕೆ ಬಂದರು, ಅಮ್ಮಾ?” ಎಂದು ಕೇಳಿದಳು. ಆಗ ನಾವು ಕೊಟ್ಟ ಉತ್ತರವು ಅವಳಿಗೂ ತೃಪ್ತಿಯಾಗಲಿಲ್ಲ, ನಮಗೂ ತೃಪ್ತಿಯಾಗಲಿಲ್ಲ. ಆ ಪ್ರಶ್ನೆಯು ಕೇವಲ ಬಾಲಿಕೆಯರದೂ ಅಲ್ಲ. 2022ನೆಯ ಇಸವಿಯಲ್ಲಿ ರಷ್ಯದ ಸೈನ್ಯವು ಉಕ್ರೇನ್ ದೇಶವನ್ನು ಹೊಕ್ಕಾಗ, ಅಲ್ಲಿ ವೈದ್ಯಶಾಸ್ತ್ರವನ್ನು ಓದುತ್ತಿದ್ದ ಹಾವೇರಿ ಜಿಲ್ಲೆಯ ತರುಣನೊಬ್ಬನು ಹಾರ್ಕಿವ್ ನಗರದಲ್ಲಿ ಮಡಿದನು. ಪರರ ಯುದ್ಧವು ನಮ್ಮ ಮಕ್ಕಳನ್ನು ಏಕೆ ಮುಟ್ಟಬೇಕೆಂದು ಅಂದು ಅನೇಕ ತಾಯಿತಂದೆಗಳು ಕೇಳಿದುದುಂಟು. ಆದುದರಿಂದ ನಗರದ ಯುದ್ಧದ ವೃತ್ತಾಂತವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳುವೆವು.

ನಗರವೆಂಬುದು ಹಿಂದಿನ ಬಿದನೂರು. ಇಕ್ಕೇರಿಯ ತರುವಾಯ ಕೆಳದಿಯ ಅರಸರ ರಾಜಧಾನಿಯಾಗಿದ್ದುದು. 1763ರಲ್ಲಿ ಹೈದರಾಲಿಯು ದಂಡೆತ್ತಿ ಬಂದು ಅದನ್ನು ಗೆದ್ದು, ರಾಣಿ ವೀರಮ್ಮಾಜಿಯನ್ನು ಮಧುಗಿರಿಯ ಕೋಟೆಗೆ ಸೆರೆಯಾಗಿ ಕಳುಹಿಸಿ, ಊರಿಗೆ ಹೈದರನಗರವೆಂದು ಹೆಸರಿಟ್ಟನು. ಈ ಮಾತನ್ನು ಮೊದಲೇ ಹೇಳಲು ಕಾರಣವುಂಟು. ಇಪ್ಪತ್ತು ವರ್ಷಗಳ ಬಳಿಕ ಈ ಕೋಟೆಗಾಗಿ ಕಾದಿದ ಎರಡು ಪಕ್ಷಗಳಲ್ಲಿ ಒಂದಾದರೂ ಇದನ್ನು ಶಾಂತಿಯಿಂದ ಪಡೆದುದಲ್ಲ.

1778ರಲ್ಲಿ ಅಮೆರಿಕದವರು ಇಂಗ್ಲೆಂಡಿನ ವಿರುದ್ಧ ನಡೆಸುತ್ತಿದ್ದ ಸ್ವಾತಂತ್ರ್ಯಯುದ್ಧದಲ್ಲಿ ಫ್ರಾನ್ಸ್ ದೇಶವು ಅಮೆರಿಕದ ಪಕ್ಷವನ್ನು ಹಿಡಿಯಿತು. ಆ ಕಾರಣದಿಂದ ಇಂಗ್ಲಿಷ್ ಕಂಪೆನಿಯವರು ಹಿಂದೂದೇಶದಲ್ಲಿದ್ದ ಫ್ರೆಂಚರ ಠಾಣ್ಯಗಳ ಮೇಲೆ ಬಿದ್ದು, ಅದೇ ವರ್ಷ ಪುದುಚೇರಿಯನ್ನೂ 1779ರಲ್ಲಿ ಮಲಬಾರಿನ ಮಾಹೆಯನ್ನೂ ಹಿಡಿದರು. ಮಾಹೆಯು ಹೈದರನಿಗೆ ಯುದ್ಧಸಾಮಗ್ರಿಗಳು ಬರುತ್ತಿದ್ದ ಬಂದರು. ಅದು ತನ್ನ ರಕ್ಷಣೆಯಲ್ಲಿರುವುದೆಂದು ಅವನು ಸಾರಿದ್ದನು. ಅವನು ಮರಾಠರೊಡನೆಯೂ ನಿಜಾಮನೊಡನೆಯೂ ಕೂಡಿ, 1780ರ ಜುಲೈ ತಿಂಗಳಿನಲ್ಲಿ ಕರ್ನಾಟಕದ ಘಟ್ಟಗಳನ್ನಿಳಿದು ಆರ್ಕಾಟಿನ ಸೀಮೆಯನ್ನು ಹೊಕ್ಕನು. ಹೀಗೆ ಸಾಗರದಾಚೆ ಹೊತ್ತಿದ ಕಿಡಿಯು ಎರಡೇ ವರ್ಷಗಳಲ್ಲಿ ನಮ್ಮ ನಾಡಿಗೆ ತಗುಲಿತು.

ಮಿತ್ರರ ಒಕ್ಕೂಟವು ಬಹುಕಾಲ ನಿಲ್ಲಲಿಲ್ಲ. ಇಂಗ್ಲಿಷರು ನಿಜಾಮನನ್ನು ಒಲಿಸಿಕೊಂಡರು. 1782ರ ಮೇ ತಿಂಗಳ ಸಾಲ್ಬಾಯಿ ಒಪ್ಪಂದದಿಂದ ಮರಾಠರೊಡನೆ ಸಂಧಿ ಮಾಡಿಕೊಂಡರು. ಫ್ರಾನ್ಸ್ ಮಾತ್ರ ಸೇನಾನಿ ಸುಫ್ರೆನನ ನೌಕಾಪಡೆಯನ್ನು ಕಳುಹಿಸಿತು. 1782ರ ಡಿಸೆಂಬರ್ 7ರಂದು ಹೈದರನು ಚಿತ್ತೂರಿನ ಬಳಿ ದಂಡಿನಲ್ಲಿಯೇ ತೀರಿಕೊಂಡನು. ಮಲಬಾರಿನಲ್ಲಿದ್ದ ಟಿಪ್ಪುವು ತಂದೆಯ ಸೈನ್ಯವನ್ನು ಸೇರಲು ಪೂರ್ವಕ್ಕೆ ಧಾವಿಸಿದನು. ಪಶ್ಚಿಮ ಕರಾವಳಿಯು ಬರಿದಾಯಿತು.

ಆ ಸಂಧಿಯನ್ನು ನೋಡಿ ಬೊಂಬಾಯಿ ಸರಕಾರದವರು ಜನರಲ್ ಮ್ಯಾಥ್ಯೂಸನಿಗೆ ನೇರವಾಗಿ ಬಿದನೂರಿನ ಮೇಲೆ ಹೋಗೆಂದು ಆಜ್ಞಾಪಿಸಿದರು. 1783ರ ಜನವರಿಯಲ್ಲಿ ಅವನು ಹೊನ್ನಾವರವನ್ನು ಹಿಡಿದು, ಕುಂದಾಪುರವನ್ನು ವಶಪಡಿಸಿಕೊಂಡು, ಹೊಸಂಗಡಿಯ ಘಟ್ಟವನ್ನು ಹತ್ತಿದನು. ಬಿದನೂರಿನ ಅಧಿಕಾರಿಯಾಗಿದ್ದ ಶೇಖ್ ಅಯಾಜನಿಗೂ ಟಿಪ್ಪುವಿಗೂ ಮನಸ್ತಾಪವಿತ್ತು. ಅವನು ಕಾಳಗವಿಲ್ಲದೆ ಕೋಟೆಯನ್ನೊಪ್ಪಿಸಿದನು. ಇಷ್ಟು ಸುಲಭವಾಗಿ ದೊರೆತ ಜಯವೇ ಇಂಗ್ಲಿಷರಿಗೆ ಕೇಡಾಯಿತು. ಖಜಾನೆಯ ಹಣವನ್ನು ಹಂಚಿಕೊಳ್ಳುವ ವಿಷಯದಲ್ಲಿ ಅಧಿಕಾರಿಗಳು ಪರಸ್ಪರ ಕಲಹಮಾಡಿದರು. ಮೂವರು ಹಿರಿಯರು ದಂಡನ್ನು ಬಿಟ್ಟು ದೂರು ಹೇಳಲು ಬೊಂಬಾಯಿಗೇ ಹೊರಟುಹೋದರು. ಇದ್ದ ಸೈನ್ಯವೋ ಚಿಕ್ಕ ಚಿಕ್ಕ ಠಾಣ್ಯಗಳಲ್ಲಿ ಚದರಿಹೋಗಿತ್ತು.

ಇದೇ ಕಾಲದಲ್ಲಿ ಸಾಗರ ತಾಲ್ಲೂಕಿನ ಆನಂದಪುರದ ಕೋಟೆಯು, ಅಂದಿನ ಅನಂತಪುರವು, ಲಗ್ಗೆಗೆ ಗುರಿಯಾಯಿತು. ಒಪ್ಪಿದ ಮಾತಿಗೆ ತಪ್ಪಿದರೆಂದು ಹೇಳಿ ಇಂಗ್ಲಿಷರು ಅಲ್ಲಿದ್ದ ಕಾವಲಿನವರಲ್ಲಿ ಅನೇಕರನ್ನು ಸಂಹರಿಸಿದರು. ಅಲ್ಲಿ ಸ್ತ್ರೀಯರೂ ಹತರಾದರೆಂದು ಒಬ್ಬ ಕಿರಿಯ ಅಧಿಕಾರಿಯು ಬರೆದ ಕಾಗದವು ಲಂಡನ್ನಿನಲ್ಲಿ ಅಚ್ಚಾಯಿತು. ಅದೇ ಸೈನ್ಯದ ಬೇರೆ ಅಧಿಕಾರಿಗಳು ಅದು ಸುಳ್ಳೆಂದು ಪ್ರತಿಭಟಿಸಿದರು. ಯುದ್ಧದ ಸುದ್ದಿಯನ್ನು ಯಾರು ಬರೆದರು, ಅವರು ಕಣ್ಣಾರೆ ಕಂಡರೇ, ಎದುರುಪಕ್ಷವು ಏನು ಹೇಳಿತು ಎಂದು ಕೇಳದೆ ನಂಬಬಾರದೆಂಬುದು ಇದರಿಂದ ವಿದಿತವಾಗುತ್ತದೆ.

ಟಿಪ್ಪುವು ಕೋಸಿನ್ಯಿಯೆಂಬ ಸರದಾರನ ಕೆಳಗಿದ್ದ ಫ್ರೆಂಚ್ ತುಕಡಿಯೊಡನೆ ಮಹಾಸೈನ್ಯವನ್ನು ಕೂಡಿಸಿಕೊಂಡು ಬಂದನು. ಮೊದಲು ಘಟ್ಟದ ದಾರಿಗಳನ್ನು ಕಟ್ಟಿ, ಕರಾವಳಿಯಿಂದ ನೆರವು ಬಾರದಂತೆ ಮಾಡಿ, ಬಳಿಕ ಕೋಟೆಗೆ ಮುತ್ತಿಗೆ ಹಾಕಿದನು. ಏಪ್ರಿಲ್ ತಿಂಗಳು ಮುಗಿಯುವ ವೇಳೆಗೆ ಮ್ಯಾಥ್ಯೂಸನು ಶರಣಾಗತನಾಗಬೇಕಾಯಿತು. ಸರಕಾರದ ಹಣವನ್ನು ಬಿಟ್ಟು ಕರಾವಳಿಗೆ ಹೋಗಬಹುದೆಂದು ಕರಾರಾಗಿತ್ತು. ಆದರೆ ಹಣವನ್ನು ಅಪಹರಿಸಿದರೆಂಬ ಆಪಾದನೆಯ ಮೇಲೆ ಅವರನ್ನು ಸಂಕೋಲೆಗಳಲ್ಲಿ ಶ್ರೀರಂಗಪಟ್ಟಣ ಮುಂತಾದ ಸ್ಥಳಗಳಿಗೆ ನಡೆಸಿಕೊಂಡು ಹೋದರು. ಮ್ಯಾಥ್ಯೂಸನು ಸೆರೆಯಲ್ಲಿಯೇ ಸತ್ತನು. ಅನಂತಪುರದಲ್ಲಿ ಒಂದು ಪಕ್ಷವು ಹೇಳಿದ ಕಾರಣವೂ ಬಿದನೂರಿನಲ್ಲಿ ಇನ್ನೊಂದು ಪಕ್ಷವು ಹೇಳಿದ ಕಾರಣವೂ ಒಂದೇ: “ನೀವು ಮಾತು ಮುರಿದಿರಿ.” ಯುದ್ಧವು ಬೆಳೆಯುವ ರೀತಿ ಇದು.

ಟಿಪ್ಪುವು ಅಲ್ಲಿಂದ ಘಟ್ಟವನ್ನಿಳಿದು ಮೇ ತಿಂಗಳಿನಲ್ಲಿ ಮಂಗಳೂರನ್ನು ಮುತ್ತಿದನು. ಇಷ್ಟರಲ್ಲಿ ಯೂರೋಪಿನಲ್ಲಿ ಇಂಗ್ಲೆಂಡೂ ಫ್ರಾನ್ಸೂ 1783ರ ಜನವರಿ 20ರಂದೇ ಸಂಧಿಯ ಪೂರ್ವಭಾವಿ ಪತ್ರಗಳಿಗೆ ಸಹಿಮಾಡಿದ್ದವು! ಮ್ಯಾಥ್ಯೂಸನ ದಂಡು ಘಟ್ಟವನ್ನು ಹತ್ತುವ ದಿನಗಳಲ್ಲಿಯೇ ಮೂಲದ ಜಗಳವು ಮುಗಿದಿತ್ತು. ಸಮುದ್ರಮಾರ್ಗವಾಗಿ ಆ ಸುದ್ದಿ ನಮ್ಮ ಕರಾವಳಿಯನ್ನು ಮುಟ್ಟಿದುದು ಜುಲೈ ತಿಂಗಳಿನಲ್ಲಿ. ಕೋಸಿನ್ಯಿಯು ಇನ್ನು ಕಾದಲಾರೆನೆಂದು ಹಿಂದೆ ಸರಿದನು. ಟಿಪ್ಪುವು ಇದರಿಂದ ಕುಪಿತನಾದನು. ಎರಡು ದೇಶಗಳ ಅಂತಿಮ ಸಂಧಿಯಲ್ಲಿ, ಹಿಂದೂದೇಶದಲ್ಲಿರುವ ಮಿತ್ರರೂ ನಾಲ್ಕು ತಿಂಗಳೊಳಗೆ ಈ ಶಾಂತಿಗೆ ಸೇರಬಹುದೆಂದು ಒಂದು ಕಲಮು ಬರೆಯಲ್ಪಟ್ಟಿತು. ಆಹ್ವಾನವೇನೋ ಬಂದಿತು, ಆದರೆ ಆ ಮಿತ್ರರನ್ನು ಮೊದಲು ಕೇಳಿದವರಿರಲಿಲ್ಲ. ಮಂಗಳೂರಿನಲ್ಲಿ ಆಗಸ್ಟ್ 2ರಂದು ಕದನವಿರಾಮವಾದರೂ ಕೋಟೆಯೊಳಗೆ ಹಸಿವೂ ರೋಗವೂ ವಿರಮಿಸಲಿಲ್ಲ. ಕರ್ನಲ್ ಕ್ಯಾಂಪ್‌ಬೆಲ್ಲನು 1784ರ ಜನವರಿ ಕೊನೆಯಲ್ಲಿ ಕೋಟೆಯನ್ನು ಬಿಟ್ಟುಕೊಟ್ಟನು. ಮಾರ್ಚ್ 11ರಂದು ಮಂಗಳೂರಿನ ಒಪ್ಪಂದವಾಯಿತು. ಗೆದ್ದ ಸ್ಥಳಗಳನ್ನು ಪರಸ್ಪರ ಹಿಂದಿರುಗಿಸಬೇಕು, ಸೆರೆಯವರನ್ನು ಬಿಡಬೇಕು ಎಂಬುದೇ ಅದರ ಸಾರ. ನಾಲ್ಕು ವರ್ಷ ರಕ್ತ ಹರಿಸಿದ ಮೇಲೆ ಉಭಯರೂ ಮೊದಲು ನಿಂತಿದ್ದ ಎಡೆಗೇ ಬಂದರು.

ಆದರೆ ಎಲ್ಲರೂ ಹಾಗೆ ಹಿಂದಿರುಗಲಿಲ್ಲ. ಇಂಗ್ಲಿಷರಿಗೆ ನೆರವಾದರೆಂಬ ಸಂಶಯದಿಂದ ಕರಾವಳಿಯ ಕ್ರೈಸ್ತರನ್ನು 1784ರಲ್ಲಿ ಹಿಡಿದು, ಸ್ತ್ರೀಯರು ಮಕ್ಕಳೆನ್ನದೆ ಶ್ರೀರಂಗಪಟ್ಟಣಕ್ಕೆ ನಡೆಸಿದರು. ದಾರಿಯಲ್ಲಿಯೂ ಸೆರೆಯಲ್ಲಿಯೂ ಬಹುಮಂದಿ ಮಡಿದರು, ಉಳಿದವರಿಗೆ 1799ರಲ್ಲಿ ಬಿಡುಗಡೆಯಾಯಿತು. ಅನಂತಪುರದ ಕಾವಲಿನವರ ತಾಯಂದಿರ ದುಃಖವನ್ನೂ ಈ ತಾಯಂದಿರ ದುಃಖವನ್ನೂ ನಾವು ಒಂದೇ ತಕ್ಕಡಿಯಲ್ಲಿಟ್ಟು ಬಾಲಿಕೆಯರಿಗೆ ಕಲಿಸುತ್ತೇವೆ. ಒಂದನ್ನು ಹೇಳಿ ಇನ್ನೊಂದನ್ನು ಮರೆಸುವುದು ಚರಿತ್ರೆಯ ಪಾಠವಾಗಲಾರದು.

ಆ ಕಾಲಕ್ಕೂ ಈ ಕಾಲಕ್ಕೂ ಒಂದು ವ್ಯತ್ಯಾಸವುಂಟು. 2022ರ ಮಾರ್ಚ್ 2ರಂದು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ 141 ರಾಷ್ಟ್ರಗಳು ಉಕ್ರೇನಿನ ಮೇಲಣ ದಾಳಿಯನ್ನು ಖಂಡಿಸಿದವು, ಐದು ವಿರೋಧಿಸಿದವು, ನಮ್ಮ ದೇಶವೂ ಸೇರಿ 35 ರಾಷ್ಟ್ರಗಳು ಮತಕೊಡದೆ ಉಳಿದವು. ಆ ಮತದಿಂದ ಫಿರಂಗಿಗಳು ನಿಲ್ಲಲಿಲ್ಲವೆಂಬುದು ನಿಜ. ಆದರೂ ಲೋಕದೆದುರಿಗೆ ಹೆಸರು ಹಿಡಿದು ಕೇಳುವ ಒಂದು ಸಭೆಯಾದರೂ ಇದೆ. 1783ರಲ್ಲಿ ಬಿದನೂರಿನ ರೈತನಿಗೆ ಅದೂ ಇರಲಿಲ್ಲ.

ಕೋಟೆಯ ಮೇಲೆ ಪ್ರಶ್ನೆ ಕೇಳಿದ ಬಾಲಿಕೆಗೆ ನಮ್ಮ ಉತ್ತರವಿಷ್ಟೆ: ಅವರು ನಮ್ಮ ಕಾಡನ್ನು ಬಯಸಿ ಬಂದವರಲ್ಲ, ಬೇರೊಂದು ಕಡೆ ಕಾದುತ್ತಿದ್ದ ಶತ್ರುವಿನ ಬೆನ್ನಿಗೆ ಹೊಡೆಯಲು ಬಂದವರು. ನಾವು ಅವರ ದಾರಿಯಲ್ಲಿದ್ದೆವು. ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಪೋಷಕರಲ್ಲಿಯೂ ನಮ್ಮದೊಂದು ಬಿನ್ನಹ. ನಗರದ ದಂಡಿನ ಕಾಲದ ಯಾವುದಾದರೂ ಮಾತು ನಿಮ್ಮ ಮನೆಯ ಹಿರಿಯರ ಬಾಯಲ್ಲಿ ಉಳಿದಿದ್ದರೆ, ಅದನ್ನು ನಿಮ್ಮ ಮಗಳಿಗೆ ಹೇಳಿ ಬರೆಯಿಸಿ ಶಾಲೆಗೆ ಕಳುಹಿಸಿರಿ. ಸೇನಾಪತಿಗಳ ಹೆಸರುಗಳು ಪುಸ್ತಕಗಳಲ್ಲಿವೆ. ದಂಡು ಬಂದಾಗ ಮನೆಯನ್ನು ಬಿಟ್ಟು ಓಡಿದವರ ಮಾತು ನಿಮ್ಮಲ್ಲಿ ಮಾತ್ರ ಸಿಕ್ಕೀತು.