ಸೈಕಲ್ ಮೇಲೆ ಕೆಲಸಕ್ಕೆ: ಮಳೆಯಲ್ಲಿ ನೆನೆಯದೆ, ನೀಟಾಗಿ ಹೋಗುವುದು ಹೇಗೆ?



ನಿಜಲಿಂಗಪ್ಪ ಬಡಾವಣೆಯ ಮನೆಗಳಿಗೆ, ಅಂಗಡಿಗಳಿಗೆ, ನರ್ಸಿಂಗ್ ಹೋಂಗಳಿಗೆ ಬೆಳಿಗ್ಗೆ ಸೈಕಲ್ ತುಳಿದುಕೊಂಡು ಬರುವ ಸದಸ್ಯೆಯರು ನಮ್ಮ ಸಂಘಗಳಲ್ಲಿದ್ದಾರೆ. ಒಂದು ವಾರದ ಸಭೆಯಲ್ಲಿ ಒಬ್ಬ ಸಹೋದರಿ ಉಳಿತಾಯದ ಹಣ ಕಟ್ಟಲಿಲ್ಲ. ಕಾರಣ ಕೇಳಿದಾಗ, "ನೆಂದ್ಕೊಂಡು ಹೋದ್ರೆ ಒಳಗ್ ಬರಬ್ಯಾಡ ಅಂತಾರ್ರೀ. ಮನಿಗ್ ಹೋಗಿ ಬಟ್ಟೆ ಬದಲಾಯ್ಸಿ ಬರೋದ್ರಾಗೆ ಅರ್ಧ ದಿನದ ಕೂಲಿ ಹೋತು. ಕೆಲಸಾನೇ ಬಿಟ್ಬಿಡ್ಲೇನೋ ಅನ್ನಿಸ್ತೈತಿ" ಎಂದರು. ಅಂದು ನಾವೆಲ್ಲ ಕೂತು ಮಾತಾಡಿದ್ದನ್ನು ಇಲ್ಲಿ ಬರೆದಿದ್ದೇವೆ.

2023ರ ಜೂನ್ 11ರಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ, ನಿಜ. ಆದರೆ ನಸುಕಿನ ಪಾಳಿಗೆ ನಮ್ಮ ಗಲ್ಲಿಗೆ ಬಸ್ ಬರುವುದಿಲ್ಲ. 2006-07ರಲ್ಲಿ ಶುರುವಾದ 8ನೇ ತರಗತಿ ಮಕ್ಕಳ ಉಚಿತ ಸೈಕಲ್ ಯೋಜನೆಯಲ್ಲಿ ಸೈಕಲ್ ಕಲಿತ ಹುಡುಗಿಯರು ಇಂದು ದುಡಿಯುವ ತಾಯಂದಿರು. ಸೈಕಲ್ ನಮ್ಮ ಕಾಲಿದ್ದ ಹಾಗೆ. ಮಳೆ ಬಂತೆಂದು ಅದನ್ನು ಬಿಡಬೇಕಾಗಿಲ್ಲ, ಸಿದ್ಧತೆ ಬೇಕು ಅಷ್ಟೆ.

ಕೊಡೆ ಬೇಡ, ರೇನ್‌ಕೋಟ್ ಇರಲಿ

ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಹ್ಯಾಂಡಲ್ ಹಿಡಿದರೆ ಎರಡು ಬ್ರೇಕ್ ಹಿಡಿಯಲು ಆಗುವುದಿಲ್ಲ. ಗಾಳಿ ಬಂದರೆ ಕೊಡೆ ನಮ್ಮನ್ನೇ ಎಳೆಯುತ್ತದೆ. ಹಿಂದೆ ಗೋಣಿಚೀಲದ ಕೊಪ್ಪೆ ಹಾಕುತ್ತಿದ್ದೆವು. ಹೊಲದಲ್ಲಿ ಅದು ಸರಿ, ಸೈಕಲ್ ಮೇಲೆ ಹಾರಿ ಚಕ್ರಕ್ಕೆ ಸಿಕ್ಕುತ್ತದೆ. ಕೋಟು ಬೇರೆ, ಪ್ಯಾಂಟು ಬೇರೆ ಇರುವ ರೇನ್‌ಕೋಟ್ ಒಳ್ಳೆಯದು. ಹಳದಿ ಅಥವಾ ಕಿತ್ತಳೆ ಬಣ್ಣವಿದ್ದರೆ ಲಾರಿಯವರಿಗೆ ದೂರದಿಂದಲೇ ಕಾಣುತ್ತೇವೆ. ಟೋಪಿಯನ್ನು ಕುತ್ತಿಗೆ ತಿರುಗಿಸಲು ಬರುವಷ್ಟು ಮಾತ್ರ ಬಿಗಿ ಮಾಡಿ. ಸೀರೆ ಉಡುವವರು ಸೆರಗು, ನೆರಿಗೆ ಎತ್ತಿ ಸಿಕ್ಕಿಸಿಕೊಳ್ಳಿ. ಹಿಂದಿನ ಚಕ್ರಕ್ಕೆ ಸೀರೆ ಸಿಕ್ಕದಂತೆ ಜಾಲರಿ ಹಾಕಿಸಿ.

ಕೆಸರು ಬರುವುದು ಕೆಳಗಿನಿಂದ

ಬಟ್ಟೆ ಹಾಳಾಗುವುದು ಆಕಾಶದ ನೀರಿಗಿಂತ ಚಕ್ರ ಎರಚುವ ರಾಡಿಯಿಂದ. ಎರಡೂ ಚಕ್ರಕ್ಕೆ ಮಡ್‌ಗಾರ್ಡ್ ಇರಲೇಬೇಕು. ಹಳೆ ಟ್ಯೂಬಿನ ಒಂದು ತುಂಡನ್ನು ಮುಂದಿನ ಮಡ್‌ಗಾರ್ಡಿನ ತುದಿಗೆ ಕಟ್ಟಿ ನೇತಾಡಿಸಿದರೆ ಕಾಲಿಗೆ ಕೆಸರು ಹಾರುವುದು ಬಹಳ ಕಡಿಮೆ. ಚೈನಿಗೆ ಕವರ್ ಇರಲಿ. ಹವಾಯಿ ಚಪ್ಪಲಿ ನಡೆಯುವಾಗ ಬೆನ್ನ ತನಕ ರಾಡಿ ಹಾರಿಸುತ್ತದೆ. ಹಿಂದೆ ಪಟ್ಟಿ ಇರುವ ಪ್ಲಾಸ್ಟಿಕ್ ಚಪ್ಪಲಿ ಹಾಕಿ.

ಒಣ ಬಟ್ಟೆಯ ಗಂಟು

ರೇನ್‌ಕೋಟ್ ಇದ್ದರೂ ಬೆವರು, ನೀರು ಸ್ವಲ್ಪ ಒಳಗೆ ಇಳಿಯುತ್ತದೆ. ಆದ್ದರಿಂದ ಒಂದು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಒಂದು ಜೊತೆ ಬಟ್ಟೆ, ಒಳ ಉಡುಪು, ಟವೆಲ್, ಬಾಚಣಿಗೆ ಇಟ್ಟು ಬಾಯಿ ಕಟ್ಟಿ. ಮೊಬೈಲು, ದುಡ್ಡು ಬೇರೆ ಚಿಕ್ಕ ಕವರಿನಲ್ಲಿರಲಿ. ಮುಟ್ಟಿನ ದಿನಗಳಲ್ಲಿ ಹೆಚ್ಚಿನ ಪ್ಯಾಡ್ ಅಥವಾ ಬಟ್ಟೆಯೂ ಇರಲಿ. ಇಡೀ ದಿನ ಒದ್ದೆ ಬಟ್ಟೆಯಲ್ಲಿದ್ದರೆ ತೊಡೆಸಂದಿಯಲ್ಲಿ, ಕಾಲ್ಬೆರಳಿನ ನಡುವೆ ತುರಿಕೆ, ಹುಣ್ಣು ಆಗುತ್ತವೆ. ನಾಚಿಕೆಯಿಂದ ಯಾರೂ ಹೇಳುವುದಿಲ್ಲ, ಅನುಭವಿಸುವವರು ಬಹಳ. ಮೊದಲು ಒರೆಸಿಕೊಳ್ಳಿ, ಆಮೇಲೆ ಒಣ ಬಟ್ಟೆ ಹಾಕಿ.

ಬೇಸಿಗೆಗೂ ಇದೇ ಮಾತು. ಹತ್ತು ನಿಮಿಷ ಮೊದಲೇ ಹೊರಡಿ, ಕೊನೆಯ ಐದು ನಿಮಿಷ ನಿಧಾನ ತುಳಿಯಿರಿ. ಮೈ ತಣ್ಣಗಾಗುತ್ತದೆ, ಬೆವರು ಇಳಿಯುತ್ತದೆ. ವಾಸನೆ ಬರುವುದು ಬೆವರಿನ ಮೇಲೆ ಬೆಳೆಯುವ ಸೂಕ್ಷ್ಮಾಣುಗಳಿಂದ. ಪೌಡರಿಗಿಂತ ಒದ್ದೆ ಬಟ್ಟೆಯಲ್ಲಿ ಕಂಕುಳ ಒರೆಸಿಕೊಳ್ಳುವುದು ಮೇಲು.

ಬೀಳದಂತೆ ಎಚ್ಚರ

ನಮ್ಮ ದಾವಣಗೆರೆಯಲ್ಲಿ ಮುಂಗಾರು ಜಿಟಿಜಿಟಿ ಹಿಡಿಯುತ್ತದೆ, ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಸಂಜೆ ಗುಡುಗು ಸಮೇತ ಸುರಿಯುತ್ತದೆ. ಮಳೆ ಶುರುವಾದ ಮೊದಲ ಕೆಲವು ನಿಮಿಷ ರಸ್ತೆಯ ಎಣ್ಣೆ, ಧೂಳು ಸೇರಿ ಜಾರಿಕೆ ಜಾಸ್ತಿ. ಚಕ್ರದ ರಿಮ್ ಒದ್ದೆಯಾದರೆ ಬ್ರೇಕ್ ತಡವಾಗಿ ಹಿಡಿಯುತ್ತದೆ. ಸ್ವಲ್ಪ ಮೊದಲೇ, ಮೆಲ್ಲಗೆ ಒತ್ತಿ. ನೀರು ನಿಂತ ಕಡೆ ಗುಂಡಿ ಎಷ್ಟು ಆಳ ಎಂದು ತಿಳಿಯುವುದಿಲ್ಲ, ಇಳಿದು ಪಕ್ಕದಲ್ಲಿ ತಳ್ಳಿಕೊಂಡು ಹೋಗಿ. ರೈಲ್ವೆ ಕೆಳಸೇತುವೆಯಲ್ಲಿ ನೀರು ತುಂಬಿದ್ದರೆ ಸುತ್ತಾದರೂ ಬೇರೆ ದಾರಿ ಹಿಡಿಯಿರಿ. ಗುಡುಗು-ಸಿಡಿಲು ಇದ್ದಾಗ ಮರದ ಕೆಳಗೆ ನಿಲ್ಲಬಾರದು, ಯಾವುದಾದರೂ ಕಟ್ಟಡದೊಳಗೆ ಹೋಗಿ. ಅರ್ಧ ಗಂಟೆ ತಡವಾದರೂ ಪರವಾಗಿಲ್ಲ, ಜೀವ ದೊಡ್ಡದು. ಮನೆಗೆ ಬಂದ ಮೇಲೆ ಚೈನು ಒರೆಸಿ ಎರಡು ಹನಿ ಎಣ್ಣೆ ಬಿಡಿ.

ಸಂಘ ಏನು ಮಾಡಬಹುದು?

ರೇನ್‌ಕೋಟ್ ಕೊಳ್ಳಲು ಒಮ್ಮೆಗೇ ದುಡ್ಡು ಹೊಂದಿಸುವುದು ಕಷ್ಟ. ಸಂಘದ ಆಂತರಿಕ ಸಾಲ ಇಂಥದ್ದಕ್ಕೇ ಇರುವುದು. ಮೇ ಕೊನೆಯಲ್ಲಿ ರೋಹಿಣಿ ಮಳೆ ಕೂಡುವ ಮೊದಲೇ ಯಾರ್ಯಾರಿಗೆ ಬೇಕು ಎಂದು ಸಭೆಯಲ್ಲಿ ಕೇಳಿ, ನಡಾವಳಿ ಪುಸ್ತಕದಲ್ಲಿ ಬರೆದು, ಎಲ್ಲರಿಗೂ ಒಟ್ಟಿಗೆ ಕೊಂಡರೆ ಅಂಗಡಿಯವರು ದರ ಇಳಿಸುತ್ತಾರೆ. ವಾರವಾರ ಸ್ವಲ್ಪ ಸ್ವಲ್ಪ ಕಟ್ಟಿದರೆ ಹೊರೆ ಅನ್ನಿಸುವುದಿಲ್ಲ.

ಎರಡನೆಯದು, ಕೆಲಸದ ಜಾಗದಲ್ಲಿ ಬಾಯಿ ಬಿಟ್ಟು ಕೇಳಿ. ಬಟ್ಟೆ ಬದಲಿಸಲು ಐದು ನಿಮಿಷ, ರೇನ್‌ಕೋಟ್ ನೇತುಹಾಕಲು ಒಂದು ಮೊಳೆ. "ಅಮ್ಮಾ, ಇಲ್ಲಿ ಬಟ್ಟೆ ಬದಲಾಯಿಸ್ಕೊಂಡು ಕೆಲಸಕ್ಕೆ ನಿಲ್ತೀನಿ" ಎಂದರೆ ಕೊಡುವವರು ಕೊಡುತ್ತಾರೆ. ಒಬ್ಬರೇ ಕೇಳಲು ಹೆದರಿಕೆಯಾದರೆ ಸಂಘದ ಪ್ರತಿನಿಧಿಯನ್ನು ಜೊತೆಗೆ ಕರೆದುಕೊಂಡು ಹೋಗಿ.

ನೀಟಾಗಿ ಕಾಣಬೇಕೆನ್ನುವುದು ಶೋಕಿಯಲ್ಲ. ಅದರಲ್ಲಿ ನಮ್ಮ ಆರೋಗ್ಯವಿದೆ, ಅರ್ಧ ದಿನದ ಕೂಲಿಯಿದೆ, ಮರ್ಯಾದೆಯಿದೆ. ಆ ಸಹೋದರಿ ಕೆಲಸ ಬಿಡಲಿಲ್ಲ. ಸಂಘದಿಂದ ಸಾಲ ಪಡೆದು ರೇನ್‌ಕೋಟ್ ಕೊಂಡರು, ಸಾಲವನ್ನೂ ತೀರಿಸಿದರು. ನಿಮ್ಮ ಮುಂದಿನ ಸಭೆಯಲ್ಲಿ ಈ ವಿಷಯ ಚರ್ಚಿಸಿ.