ಒಂದರಿಂದ ಆರಕ್ಕೇರಿ ಇಳಿಯುವ ಸಂಖ್ಯೆ

ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ 27994681ನ್ನು 441ರಿಂದ ಗುಣಿಸುವ ಲೆಕ್ಕವೊಂದಿದ್ದು, ಅದರ ಉತ್ತರ 12345654321, ಅಂದರೆ 1234 ಕೋಟಿ 56 ಲಕ್ಷ 54 ಸಾವಿರದ 321. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಈ ಸಂಖ್ಯೆಯ ಚೆಲುವು ಆಕಸ್ಮಿಕವಲ್ಲ.

ಇದು 111111ರ ವರ್ಗ, ಎಂದರೆ ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿದಾಗ ಬರುವ ಫಲ. ಗುಣಾಕಾರದಲ್ಲಿ 111111 ಆರು ಸಾಲುಗಳಲ್ಲಿ, ಪ್ರತಿ ಸಾಲಿನಲ್ಲೂ ಒಂದೊಂದು ಸ್ಥಾನ ಎಡಕ್ಕೆ ಸರಿಯುತ್ತ ಬರುವುದರಿಂದ, ಬಿಡಿ ಸ್ಥಾನದಲ್ಲಿ ಒಂದು, ಹತ್ತರ ಸ್ಥಾನದಲ್ಲಿ ಎರಡು, ಹೀಗೆ ನಡುವಿನ ಸ್ಥಾನದಲ್ಲಿ ಆರು ಒಂದುಗಳು ಸೇರಿ, ಅಲ್ಲಿಂದಾಚೆಗೆ ಅದೇ ಕ್ರಮದಲ್ಲಿ ಕಡಿಮೆಯಾಗುತ್ತವೆ. ಯಾವ ಮೊತ್ತವೂ ಹತ್ತನ್ನು ಮುಟ್ಟದ ಕಾರಣ ಮುಂದಿನ ಸ್ಥಾನಕ್ಕೆ ದಶಕ ಒಯ್ಯಬೇಕಾಗುವುದಿಲ್ಲ. 111111 ಎಂಬುದು 3, 7, 11, 13 ಮತ್ತು 37 ಎಂಬ ಐದು ಅವಿಭಾಜ್ಯಗಳ, ಅಂದರೆ ಒಂದು ಮತ್ತು ತನ್ನನ್ನು ಬಿಟ್ಟು ಬೇರೆ ಭಾಜಕವಿಲ್ಲದ ಸಂಖ್ಯೆಗಳ, ಗುಣಲಬ್ಧವಾಗಿದ್ದು, ಅದರ ವರ್ಗದಲ್ಲಿ ಪ್ರತಿಯೊಂದೂ ಎರಡೆರಡು ಸಲ ಬರುವುದರಿಂದ ಒಟ್ಟು ಭಾಜಕಗಳು 243 ಆಗುತ್ತವೆ. ಆದ್ದರಿಂದ ಇದನ್ನು ಎರಡು ಬೇರೆ ಬೇರೆ ಸಂಖ್ಯೆಗಳ ಗುಣಲಬ್ಧವಾಗಿ 121 ರೀತಿಯಲ್ಲಿ ಬರೆಯಬಹುದು. ಇವುಗಳಲ್ಲಿ ಆಚಾರ್ಯನು ಆರಿಸಿದ್ದು 21ರ ವರ್ಗವಾದ 441ನ್ನೂ 5291ರ ವರ್ಗವಾದ 27994681ನ್ನೂ. ಉತ್ತರದ ಸೊಗಸಿನ ಸುಳಿವನ್ನೇ ಕೊಡದ ಈ ಜೋಡಿಯ ಆಯ್ಕೆಯಲ್ಲಿ ಗಣಿತಜ್ಞನ ಜೊತೆಗೆ ರಸಿಕನೂ ಕಾಣುತ್ತಾನೆ.

ಇಂಥ ಗಣಿತ ಸಂಸ್ಕೃತದಲ್ಲೇ ನಿಲ್ಲದೆ ಕನ್ನಡಕ್ಕೂ ಬಂದುದರಲ್ಲಿ ಇಂದಿನ ಬೆಳಗಾವಿ ಜಿಲ್ಲೆಯ ಪಾಲು ದೊಡ್ಡದು. ಹನ್ನೆರಡನೆಯ ಶತಮಾನದ ಜೈನ ಕವಿ ರಾಜಾದಿತ್ಯನ ಊರು ಪೂವಿನಬಾಗೆ; ಅದನ್ನು ಈಗಿನ ರಾಯಬಾಗವೆಂದು ವಿದ್ವಾಂಸರು ಗುರುತಿಸಿದ್ದಾರೆ. ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’, ‘ಲೀಲಾವತಿ’, ‘ಚಿತ್ರಹಸುಗೆ’ ಮುಂತಾದ ಕೃತಿಗಳಲ್ಲಿ ಅವನು ಲೆಕ್ಕದ ಸೂತ್ರಗಳನ್ನು ಸುಲಭವಾದ ಕನ್ನಡ ಪದ್ಯಗಳಿಗೆ ಇಳಿಸಿದನು. ಕನ್ನಡದಲ್ಲಿ ಗಣಿತ ಬರೆದವರಲ್ಲಿ ಮೊದಲಿಗನೆಂದು ಹೆಸರಾದ ಈತನ ಪರಿಚಯ ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ, ಅಥಣಿ, ಕಾಗವಾಡಗಳ ಶಾಲೆಗಳ ಮಕ್ಕಳಿಗೆ ಗುಣಾಕಾರದ ಪಾಠದೊಂದಿಗೇ ಆಗಬೇಕು. ಅದಕ್ಕೆ ಆಚಾರ್ಯನ ಈ ಸಂಖ್ಯೆಗಿಂತ ಒಳ್ಳೆಯ ನೆಪ ಸಿಗಲಾರದು.

111111ರಲ್ಲಿ ಒಂದುಗಳನ್ನು ಹೆಚ್ಚಿಸುತ್ತ ವರ್ಗ ಮಾಡುತ್ತ ಹೋದರೆ ಒಂಬತ್ತು ಒಂದುಗಳವರೆಗೂ ಏರಿ ಇಳಿಯುವ ಈ ಕ್ರಮ ಕೆಡದೆ 12345678987654321 ದೊರೆಯುತ್ತದೆ. ಹತ್ತು ಒಂದುಗಳಾದಾಗ ನಡುವಿನ ಮೊತ್ತ ಹತ್ತಕ್ಕೆ ಮುಟ್ಟಿ, ದಶಕ ಎಡಕ್ಕೆ ಸಾಗಿ, ಫಲವು 1234567900987654321 ಎಂದಾಗುತ್ತದೆ: ಏರುವ ಬದಿಯಲ್ಲಿ ಎಂಟು ಇಲ್ಲವಾಗಿ, ಎರಡು ಬದಿಗಳ ಸಮತೆ ಅಲ್ಲಿಗೆ ಮುರಿಯುತ್ತದೆ.