14 ವೋಲ್ಟ್ ದಾಟಿದ ಮೇಲೆ

ಶಿವಮೊಗ್ಗದ ಆಲ್ಕೊಳ ವಿದ್ಯುತ್ ವಿತರಣಾ ಕೇಂದ್ರದಲ್ಲಿ ನಿರ್ವಹಣಾ ಕೆಲಸವಿದೆ ಎಂದು ವಿದ್ಯುತ್ ಕಂಪನಿ ಮೆಸ್ಕಾಂ ಪ್ರಕಟಣೆ ಹೊರಡಿಸಿದರೆ ಸುತ್ತಲಿನ ಬಡಾವಣೆಗಳಲ್ಲಿ ಆ ದಿನ ಯುಪಿಎಸ್ ಬ್ಯಾಟರಿಗಳಿಗೆ ಪರೀಕ್ಷೆ. ಮಳೆಗಾಲದಲ್ಲಿ ಕೊಂಬೆ ಮುರಿದು ತಂತಿಯ ಮೇಲೆ ಬಿದ್ದರಂತೂ ಆ ಪರೀಕ್ಷೆ ಹೇಳದೆ ಕೇಳದೆ ಬರುತ್ತದೆ. ಒಂದೇ ಅಳತೆಯ, ಒಂದೇ ವರ್ಷ ಕೊಂಡ ಎರಡು ಬ್ಯಾಟರಿಗಳಲ್ಲಿ ಒಂದು ವರ್ಷಗಟ್ಟಲೆ ಬಾಳುತ್ತದೆ, ಇನ್ನೊಂದು ಬೇಗನೆ ಕೈಕೊಡುತ್ತದೆ. ನಾವು ಬ್ಯಾಟರಿಯನ್ನೇ ದೂರುತ್ತೇವೆ. ಅದಕ್ಕೆ ಕರೆಂಟ್ ತುಂಬುವ ಚಾರ್ಜರ್‌ನ ಮಿತಿ ಎಷ್ಟಿದೆ ಎಂದು ನೋಡುವವರು ಕಡಿಮೆ.

ಮನೆಯ ಯುಪಿಎಸ್‌ಗೆ ಜೋಡಿಸುವ ಟ್ಯೂಬುಲರ್ ಬ್ಯಾಟರಿ ಫ್ರಾನ್ಸಿನ ಗಾಸ್ತೋ ಪ್ಲಾಂಟೆ 1859ರಲ್ಲಿ ರೂಪಿಸಿದ ಸೀಸ-ಆಮ್ಲ ಬ್ಯಾಟರಿಯ ವಂಶದ್ದು. 12 ವೋಲ್ಟ್ ಬ್ಯಾಟರಿಯೊಳಗೆ ತಲಾ 2 ವೋಲ್ಟ್‌ಗಿಂತ ತುಸು ಹೆಚ್ಚಿನ ಆರು ಕೋಶಗಳಿರುತ್ತವೆ. ಪೂರ್ತಿ ತುಂಬಿ, ಕೆಲವು ಗಂಟೆ ಸುಮ್ಮನಿದ್ದ ಬ್ಯಾಟರಿ ಸುಮಾರು 12.7 ವೋಲ್ಟ್ ತೋರಿಸುತ್ತದೆ, 12.2ರ ಆಸುಪಾಸಿಗೆ ಇಳಿದರೆ ಅರ್ಧ ಖಾಲಿಯಾಗಿದೆ ಎಂದರ್ಥ. ಫ್ಯಾನು, ದೀಪಗಳಿಗೆ ಕರೆಂಟ್ ಕೊಡುವಾಗ ಧನ, ಋಣ ಎರಡೂ ಫಲಕಗಳಲ್ಲಿ ಸೀಸದ ಸಲ್ಫೇಟ್ ಕೂರುತ್ತದೆ, ಆಮ್ಲ ತೆಳುವಾಗುತ್ತದೆ. ಆ ಸಲ್ಫೇಟನ್ನು ಬಿಡಿಸಿ ಮೊದಲಿನ ಸ್ಥಿತಿಗೆ ತರುವುದೇ ಚಾರ್ಜಿಂಗ್.

ಒಳ್ಳೆಯ ಚಾರ್ಜರ್ ಈ ಕೆಲಸವನ್ನು ಮೂರು ಹಂತಗಳಲ್ಲಿ ಮಾಡುತ್ತದೆ. ಮೊದಲ ಹಂತದಲ್ಲಿ ಮಿತಿ ಇರುವುದು ಕರೆಂಟಿಗೆ. ಸಾಮಾನ್ಯ ಲೆಕ್ಕ ಬ್ಯಾಟರಿ ಸಾಮರ್ಥ್ಯದ ಹತ್ತನೇ ಒಂದು ಪಾಲು: 150 ಆಂಪಿಯರ್-ಅವರ್ ಬ್ಯಾಟರಿಗೆ 15 ಆಂಪಿಯರ್. ವೋಲ್ಟೇಜ್ ಮೆಲ್ಲಗೆ ಏರಿ 14.4ರ ಹತ್ತಿರ ಬಂದಾಗ ಎರಡನೇ ಹಂತ ಶುರು. ಚಾರ್ಜರ್ ಈಗ ವೋಲ್ಟೇಜನ್ನು ಅಲ್ಲೇ ಹಿಡಿದಿಡುತ್ತದೆ. ಕರೆಂಟ್ ತಾನಾಗಿಯೇ ಇಳಿಯುತ್ತಾ ಹೋಗುತ್ತದೆ. ಕೊನೆಯ ಪಾಲು ತುಂಬುವುದು ಇಲ್ಲಿ, ಗಂಟೆಗಟ್ಟಲೆ, ನಿಧಾನವಾಗಿ. ಆಮೇಲೆ ಮೂರನೇ ಹಂತ: ಚಾರ್ಜರ್ ವೋಲ್ಟೇಜನ್ನು 13.5–13.8ರ ಮಟ್ಟಕ್ಕೆ ಇಳಿಸಿ, ಬ್ಯಾಟರಿ ತಾನೇ ಸೋರಿಸಿಕೊಳ್ಳುವಷ್ಟನ್ನು ಮಾತ್ರ ತುಂಬುತ್ತದೆ.

14.4 ಎಂಬ ಅಂಕಿಗೆ ಕಾರಣವಿದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪ್ರತಿ ಕೋಶ ಸುಮಾರು 2.4 ವೋಲ್ಟ್ ಮುಟ್ಟಿದಾಗ ಒಳಗಿನ ನೀರು ಜೋರಾಗಿ ಜಲಜನಕ, ಆಮ್ಲಜನಕಗಳಾಗಿ ಒಡೆಯತೊಡಗುತ್ತದೆ. ಮಿತಿ ಇದಕ್ಕಿಂತ ಮೇಲಿದ್ದರೆ ಬ್ಯಾಟರಿ ನೀರು ಬೇಗ ಇಳಿಯುತ್ತದೆ, ಧನ ಫಲಕದ ಸೀಸದ ಚೌಕಟ್ಟು ಸವೆಯುತ್ತದೆ. ಗಾಳಿಯಲ್ಲಿ ಜಲಜನಕ ಶೇ 4ಕ್ಕೇರಿದರೆ ಒಂದು ಕಿಡಿ ಸಾಕು. ಬ್ಯಾಟರಿಯನ್ನು ಮುಚ್ಚಿದ ಕಪಾಟಿನಲ್ಲಿ ಇಡಬಾರದು ಎನ್ನುವುದು ಇದಕ್ಕೇ. ಮಿತಿ ತೀರಾ ಕೆಳಗಿದ್ದರೂ ಕಷ್ಟ. ಬಿಡಿಸದೆ ಉಳಿದ ಸಲ್ಫೇಟ್ ಗಟ್ಟಿ ಹರಳಾಗುತ್ತದೆ, ದಟ್ಟ ಆಮ್ಲ ತಳಕ್ಕೆ ಇಳಿಯುತ್ತದೆ. ಆಗಾಗ ಏಳುವ ತುಸು ಗುಳ್ಳೆಯೇ ಆ ಆಮ್ಲವನ್ನು ಕಲಕಿ ಸರಿಮಾಡುವುದು.

ಹವೆಯೂ ಲೆಕ್ಕಕ್ಕೆ ಬರಬೇಕು. ಉಷ್ಣತೆ ಒಂದು ಡಿಗ್ರಿ ಏರಿದರೆ ಪ್ರತಿ ಕೋಶದ ಮಿತಿಯನ್ನು ಸುಮಾರು 4 ಮಿಲಿವೋಲ್ಟ್ ಇಳಿಸಬೇಕು, ಅಂದರೆ ಇಡೀ ಬ್ಯಾಟರಿಗೆ 24. ಏಪ್ರಿಲ್‌ನ ಶಿವಮೊಗ್ಗದಲ್ಲಿ ಬ್ಯಾಟರಿ 37 ಡಿಗ್ರಿಗೆ ಕಾದಾಗ 14.4ರ ಬದಲು 14.1 ಸಾಕು. ಉಷ್ಣತೆ ಅಳೆಯುವ ಸೆನ್ಸರ್ ಇರುವ ಚಾರ್ಜರ್ ಇದನ್ನು ತಾನೇ ಮಾಡಿಕೊಳ್ಳುತ್ತದೆ. ಅದಿಲ್ಲದವರು ಬೇಸಿಗೆಯಲ್ಲಿ ನೀರಿನ ಮಟ್ಟವನ್ನು ಹೆಚ್ಚು ಸಲ ನೋಡಬೇಕು.

ಅನೇಕ ಯುಪಿಎಸ್‌ಗಳ ಹಿಂಬದಿಯಲ್ಲಿ ಬ್ಯಾಟರಿಯ ಬಗೆ ಆರಿಸುವ ಸಣ್ಣ ಸ್ವಿಚ್ ಇರುತ್ತದೆ. ಹಳೆಯ ಬ್ಯಾಟರಿ ತೆಗೆದು ಬೇರೆ ಬಗೆಯದನ್ನು ಕೂರಿಸಿದಾಗ ಆ ಸ್ವಿಚ್ಚನ್ನು ಮರೆಯುವಂತಿಲ್ಲ. ಜೆಲ್ ಬ್ಯಾಟರಿಗೆ ಸುಮಾರು 14.1 ವೋಲ್ಟ್ ಸಾಕು. ಅದರೊಳಗೆ ಗುಳ್ಳೆ ಎದ್ದರೆ ನೀರು ತುಂಬಲು ದಾರಿಯೇ ಇಲ್ಲ. ಲಿಥಿಯಂ ಐರನ್ ಫಾಸ್ಫೇಟ್‌ನ ಗುಣ ಇನ್ನೂ ಬೇರೆ. ಪಾಧಿ, ನಂಜುಂಡಸ್ವಾಮಿ ಮತ್ತು ಗುಡ್‌ಇನಫ್ 1997ರಲ್ಲಿ ಈ ವಸ್ತುವಿನ ಬಗ್ಗೆ ಪ್ರಬಂಧ ಪ್ರಕಟಿಸಿದರು. ಅದರ ಒಂದು ಕೋಶಕ್ಕೆ 3.65 ವೋಲ್ಟ್ ಗರಿಷ್ಠ ಮಿತಿ, ನಾಲ್ಕು ಕೋಶಕ್ಕೆ 14.6. ತುಂಬಿದ ಮೇಲೆ ಚಾರ್ಜರ್ ಹಿಂದೆ ಸರಿದರಾಯಿತು, ಸದಾ ತುಂಬುತ್ತಲೇ ಇರಬೇಕಾಗಿಲ್ಲ.

ಚಾವಣಿಯಲ್ಲಿ ಸೋಲಾರ್ ಫಲಕ ಹಾಕಿಸಿ ಅದೇ ಬ್ಯಾಟರಿಗೆ ಜೋಡಿಸಿದವರಿಗೆ ಮತ್ತೊಂದು ಎಚ್ಚರ ಬೇಕು, ಈಗ ಒಂದೇ ಬ್ಯಾಟರಿಗೆ ಎರಡು ಚಾರ್ಜರ್. ಸಮುದ್ರದಲ್ಲಿ ಹಾಯಿದೋಣಿ ನಡೆಸುವವರಿಗೆ ಇದು ಹಳೆಯ ಪಾಠ: ಅವರ ಒಂದೇ ಬ್ಯಾಟರಿಗೆ ಎಂಜಿನ್ನಿನ ಆಲ್ಟರ್ನೇಟರ್, ಸೌರ ಫಲಕ, ಬಂದರಿನ ಕರೆಂಟ್ ಮೂರೂ ಚಾರ್ಜ್ ಕೊಡುತ್ತವೆ. ಒಂದರ ಮಿತಿ ಹೆಚ್ಚು, ಇನ್ನೊಂದರದು ಕಡಿಮೆ ಇದ್ದರೆ, ಕಡಿಮೆಯದು ಬ್ಯಾಟರಿ ತುಂಬಿತೆಂದು ತಿಳಿದು ಕೈಬಿಡುತ್ತದೆ, ಹೆಚ್ಚಿನದು ಮಿತಿ ಮೀರಿ ತುಂಬುತ್ತದೆ. ಎಲ್ಲ ಚಾರ್ಜರ್‌ಗಳಿಗೂ ಬ್ಯಾಟರಿ ತಯಾರಕರು ಹೇಳಿದ ಒಂದೇ ಅಂಕಿ ಇರಬೇಕು. ಮನೆಯ ಯುಪಿಎಸ್‌ಗೂ ಸೋಲಾರ್ ಕಂಟ್ರೋಲರ್‌ಗೂ ಇದೇ ಮಾತು ಸಲ್ಲುತ್ತದೆ.

ಇಷ್ಟೆಲ್ಲ ಏಕೆ? 50 ಕಿಲೋ ದಾಟುವ ಒಂದು ದೊಡ್ಡ ಟ್ಯೂಬುಲರ್ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸ ಮತ್ತು ಅದರ ಸಂಯುಕ್ತಗಳು. ಸೀಸ ಮಕ್ಕಳ ಮಿದುಳಿಗೆ ವಿಷ. ಹಳೆಯ ಬ್ಯಾಟರಿ ಎಲ್ಲೋ ಬಯಲಿನಲ್ಲಿ ಒಡೆದು ಕರಗಬಾರದೆಂದೇ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಬಂದಿವೆ. ಬ್ಯಾಟರಿ ಒಂದು ವರ್ಷ ಹೆಚ್ಚು ಬಾಳಿದರೆ ಮನೆಯ ದುಡ್ಡು ಉಳಿಯುವ ಜೊತೆಗೆ ಅಷ್ಟು ಸೀಸವೂ ಕುಲುಮೆಗೆ ಹೋಗುವುದು ತಡವಾಗುತ್ತದೆ. ಈ ಮಳೆಗಾಲಕ್ಕೆ ಮುಂಚೆ ಮಲ್ಟಿಮೀಟರ್ ಇರುವ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿ, ಚಾರ್ಜ್ ಆಗುವಾಗಿನ ವೋಲ್ಟೇಜನ್ನು ಬ್ಯಾಟರಿಯ ಕೈಪಿಡಿಯಲ್ಲಿರುವ ಅಂಕಿಯೊಂದಿಗೆ ಹೋಲಿಸಿ ನೋಡಿ. ಹೊಸ ಬ್ಯಾಟರಿ ಕೊಳ್ಳುವ ಮಾತು ಅದಾದ ಮೇಲೆ.